ಥಿಯೋಡೋರ್ ರೂಸ್‌ವೆಲ್ಟರೂ ಅವರ ಮಗನು ತಂದ ಕ್ರಿಸ್ಮಸ್ ಮರವೂ

ಕ್ರಿಸ್ಮಸ್ ಹಬ್ಬವು ಸಮೀಪಿಸುವಾಗ ನಮ್ಮ ಹಳ್ಳಿಯ ಸಭೆಗಳಲ್ಲಿ ಮಕ್ಕಳಿಗೆ ಎಷ್ಟು ಸಂಭ್ರಮವಾಗುತ್ತದೆಂಬದು ಪ್ರಿಯ ವಾಚಕರಿಗೆ ತಿಳಿದೇ ಇದೆ. ಹಿರಿಯರು ಕತ್ತಿಯನ್ನು ಹಿಡಿದು ಗಾಳಿಮರದ ಕೊಂಬೆಯನ್ನು ತರಲು ಹೊರಟರೆ ಚಿಕ್ಕವರೆಲ್ಲರೂ ಅವರ ಹಿಂದೆಯೇ ಓಡುವರು. ಹಿಮ ಬೀಳುವ ಪಶ್ಚಿಮ ದೇಶಗಳಲ್ಲಿಯೂ ಇದೇ ವಾಡಿಕೆಯುಂಟು. ಅಲ್ಲಿ ತಂದೆಯು ಕೊಡಲಿಯನ್ನು ಹೆಗಲ ಮೇಲಿಟ್ಟು, ಮಕ್ಕಳನ್ನು ಕರಕೊಂಡು ಕಾಡಿಗೆ ಹೋಗಿ, ಚಳಿಗಾಲದಲ್ಲಿಯೂ ಹಸುರಾಗಿರುವ ದೇವದಾರು ಜಾತಿಯ ಒಂದು ಎಳೆಯ ಮರವನ್ನು ಕಡಿದು ಮನೆಗೆ ತರುವನು. ಯಾವ ಮರವನ್ನು ಕಡಿಯಬೇಕೆಂಬ ವಿಷಯದಲ್ಲಿ ಮಕ್ಕಳೊಳಗೆ ವಾಗ್ವಾದವಾಗುವದು. ಕೊನೆಗೆ ಎಲ್ಲರೂ ಕೂಡಿ ಅದನ್ನು ಹಿಮದ ಮೇಲೆ ಎಳೆಯುತ್ತಾ ಹಾಡುತ್ತಾ ಬರುವರು.

ಆದರೆ ಕಾಡಿನಿಂದ ಒಂದು ಮರವನ್ನು ತರುವದು ಚಿಕ್ಕ ಕಾರ್ಯವಾದರೂ ಅದರೊಳಗೆ ಒಂದು ದೊಡ್ಡ ಪ್ರಶ್ನೆಯು ಅಡಗಿದೆ. ದೇವರು ಬೆಳೆಸಿದ್ದರಲ್ಲಿ ನಾವು ಎಷ್ಟನ್ನು ತೆಗೆದುಕೊಳ್ಳಬಹುದು? ನಮ್ಮ ಮಕ್ಕಳ ಮಕ್ಕಳಿಗಾಗಿ ಎಷ್ಟನ್ನು ಉಳಿಸಬೇಕು? ಈ ಪ್ರಶ್ನೆಯನ್ನು ತನ್ನ ಆಯುಷ್ಯದಲ್ಲೆಲ್ಲಾ ಹೊತ್ತು ನಡೆದ ಒಬ್ಬ ಪ್ರಖ್ಯಾತ ಪುರುಷರ ಚರಿತ್ರೆಯನ್ನು ಈ ಸಾರಿ ನಮ್ಮ ವಾಚಕರ ಮುಂದೆ ಇಡುತ್ತೇವೆ. ಅವರು ಅಮೇರಿಕಾ ಸಂಯುಕ್ತ ಸಂಸ್ಥಾನಗಳ 26ನೆಯ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟರು.

ಇವರು 1858ನೇ ಇಸವಿ ಅಕ್ಟೋಬರ್ 27ರಂದು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದರು. ಮನೆತನವು ಐಶ್ವರ್ಯವುಳ್ಳದ್ದು, ಆದರೆ ಹುಡುಗನು ಬಲು ನಿರ್ಬಲನು. ಉಬ್ಬಸದ ರೋಗವು ಅವನನ್ನು ರಾತ್ರಿ ನಿದ್ರಿಸಗೊಡಿಸಲಿಲ್ಲ. ಎಷ್ಟೋ ರಾತ್ರಿಗಳಲ್ಲಿ ತಂದೆಯು ಅವನನ್ನು ತೋಳಿನಲ್ಲಿ ಎತ್ತಿಕೊಂಡು ಕೋಣೆಯಲ್ಲಿ ಅತ್ತಿತ್ತ ನಡೆದಾಡುವನು. ಕೆಲವು ಸಾರಿ ಕುದುರೆಗಾಡಿಯಲ್ಲಿ ಕೂರಿಸಿ, ಗಾಳಿಯು ಮುಖಕ್ಕೆ ಬಡಿದರೆ ಉಸಿರಾಟ ಸುಲಭವಾದೀತೆಂದು ಕತ್ತಲಲ್ಲಿಯೇ ಬೀದಿಗಳಲ್ಲಿ ಓಡಾಡಿಸುವನು. ದೊಡ್ಡವನಾದ ಮೇಲೆ ರೂಸ್‌ವೆಲ್ಟರು ಈ ತೋಳುಗಳನ್ನು ಮರೆಯಲಿಲ್ಲ. ಹುಡುಗನ ಬುದ್ಧಿಯು ಚುರುಕಾಗಿದ್ದರೂ ದೇಹವು ಅದಕ್ಕೆ ತಕ್ಕದ್ದಾಗಿಲ್ಲವೆಂದೂ ಅದನ್ನು ತಾನೇ ಕಟ್ಟಿಕೊಳ್ಳಬೇಕೆಂದೂ ತಂದೆಯು ಬುದ್ಧಿ ಹೇಳಲು, ಅವನು ದಿನಾಲು ವ್ಯಾಯಾಮ ಮಾಡಿ ಕ್ರಮೇಣ ಬಲವುಳ್ಳವನಾದನು.

ತಂದೆಯ ಹೆಸರೂ ಥಿಯೋಡೋರ್ ಎಂಬದೇ. ಆತನು ಬಡವರ ವಿಷಯದಲ್ಲಿ ಕನಿಕರವುಳ್ಳ ಕ್ರೈಸ್ತನಾಗಿದ್ದನು. ನ್ಯೂಯಾರ್ಕಿನ ಬೀದಿಗಳಲ್ಲಿ ವೃತ್ತಪತ್ರಿಕೆಗಳನ್ನು ಮಾರಿ ಜೀವಿಸುತ್ತಿದ್ದ ದಿಕ್ಕಿಲ್ಲದ ಹುಡುಗರಿಗೆ ಒಂದು ವಸತಿಗೃಹವಿತ್ತು. ಭಾನುವಾರದ ಸಾಯಂಕಾಲಗಳಲ್ಲಿ ಆತನು ಅಲ್ಲಿಗೆ ಹೋಗಿ ಅವರ ಸಂಗಡ ಕೂತು ಮಾತಾಡುವನು. ತನ್ನ ಮಗನನ್ನೂ ಕರಕೊಂಡು ಹೋಗುವನು. ಇಂಥ ಅನಾಥ ಹುಡುಗರಲ್ಲಿ ಒಬ್ಬನನ್ನು ಆತನ ಸಹಾಯದಿಂದ ಪಶ್ಚಿಮ ಪ್ರಾಂತದ ಒಂದು ಕ್ರೈಸ್ತ ಕುಟುಂಬಕ್ಕೆ ಕಳುಹಿಸಲಾಯಿತು. ಆ ಹುಡುಗನು ಓದಿ ಮಿಶನೆರಿಯಾಗಿ ಅಲಾಸ್ಕಾಕ್ಕೆ ಹೋದನು; ಮುಂದೆ ಆ ಪ್ರಾಂತಕ್ಕೆ ಗವರ್ನರನೂ ಆದನು. ಜಾನ್ ಬ್ರೇಡಿ ಎಂಬ ಹೆಸರಿನ ಆತನು ಎಷ್ಟೋ ವರುಷಗಳ ಮೇಲೆ ರೂಸ್‌ವೆಲ್ಟರನ್ನು ಕಂಡಾಗ, ಬೀದಿಯಿಂದ ತನ್ನನ್ನು ಎತ್ತಿದವರು ಅವರ ತಂದೆಯೇ ಎಂದು ತಿಳಿಸಿದನು. ಒಬ್ಬ ಮಗುವಿಗೆ ಮಾಡಿದ ಉಪಕಾರವು ಎಲ್ಲಿ ಫಲ ಕೊಡುವದೆಂದು ಮಾಡಿದವನಿಗೂ ತಿಳಿಯದು.

1878ರಲ್ಲಿ ತಂದೆಯು 46ನೆಯ ವಯಸ್ಸಿನಲ್ಲಿ ತೀರಿಹೋದನು. ಮಗನು ಆಗ ಹಾರ್ವರ್ಡ್ ವಿದ್ಯಾಲಯದಲ್ಲಿ ಓದುತ್ತಿದ್ದನು. ಅಲ್ಲಿಯೂ ಅವನು ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಬೋಧಿಸುವ ಕೆಲಸವನ್ನು ಬಿಡಲಿಲ್ಲ.

ದುಃಖವು ಇನ್ನೂ ಬಾಕಿ ಇತ್ತು. 1884ನೇ ಫೆಬ್ರವರಿ 14ರಂದು ಒಂದೇ ಮನೆಯಲ್ಲಿ, ಒಂದೇ ದಿವಸದಲ್ಲಿ, ಅವರ ತಾಯಿಯು ವಿಷಮಶೀತಜ್ವರದಿಂದಲೂ ಯೌವನಸ್ಥಳಾದ ಹೆಂಡತಿಯಾದ ಆಲಿಸಳು ಮೂತ್ರಪಿಂಡದ ರೋಗದಿಂದಲೂ ಸತ್ತರು. ಆಗ ಆಲಿಸಳು ಹೆತ್ತ ಹೆಣ್ಣು ಕೂಸಿಗೆ ಎರಡೇ ದಿನ. ತಾಯಿಯ ಹೆಸರನ್ನೇ ಕೂಸಿಗೆ ಇಟ್ಟು, ಅದನ್ನು ತಮ್ಮ ಅಕ್ಕನ ಕೈಗೆ ಒಪ್ಪಿಸಿ, ರೂಸ್‌ವೆಲ್ಟರು ಡಕೋಟಾ ಸೀಮೆಯ ಹುಲ್ಲುಗಾವಲುಗಳಿಗೆ ಹೋಗಿ ದನ ಸಾಕುವವರೊಳಗೆ ಒಬ್ಬರಾಗಿ ಜೀವಿಸಿದರು.

ಅಲ್ಲಿ ಅವರು ಕಣ್ಣಾರೆ ಕಂಡದ್ದು ಅವರ ಮನಸ್ಸಿನಲ್ಲಿ ಉಳಿಯಿತು. ಹಿಂದೆ ಲಕ್ಷಗಟ್ಟಲೆಯಾಗಿ ತಿರುಗುತ್ತಿದ್ದ ಕಾಡೆಮ್ಮೆಗಳು ಬೇಟೆಗಾರರ ಗುಂಡಿಗೆ ಬಿದ್ದು ಹೆಚ್ಚುಕಡಿಮೆ ಇಲ್ಲವಾಗಿದ್ದವು. ಹುಲ್ಲು ತಾಳುವದಕ್ಕಿಂತ ಹೆಚ್ಚು ದನಗಳನ್ನು ಜನರು ಮೇಯಿಸಿದರು. 1886ರಿಂದ 1887ರ ವರೆಗಿನ ಕಠಿಣವಾದ ಚಳಿಗಾಲದಲ್ಲಿ ಮೇವಿಲ್ಲದೆ ದನಗಳು ಸಾವಿರಗಟ್ಟಲೆ ಸತ್ತವು; ರೂಸ್‌ವೆಲ್ಟರ ಹಿಂಡೂ ಹಾಳಾಗಿ ಅವರ ಹಣವು ಬಹಳ ಮಟ್ಟಿಗೆ ನಷ್ಟವಾಯಿತು. ಎಷ್ಟು ತೆಗೆದರೂ ಮುಗಿಯದೆಂದು ಮನುಷ್ಯರು ನೆನಸುವಂಥದು ಮುಗಿದೇ ಹೋಗುತ್ತದೆಂಬ ಪಾಠವನ್ನು ಅವರು ಪುಸ್ತಕದಿಂದಲ್ಲ, ತಮ್ಮ ನಷ್ಟದಿಂದಲೇ ಕಲಿತರು.

1886ರ ಡಿಸೆಂಬರದಲ್ಲಿ ಅವರು ತಮ್ಮ ಬಾಲ್ಯದ ಗೆಳತಿಯಾದ ಈಡಿತ್ ಎಂಬಾಕೆಯನ್ನು ಮದುವೆಯಾದರು. ತಾಯಿಯಿಲ್ಲದ ಆಲಿಸಳನ್ನು ಈಡಿತಮ್ಮನವರು ಮನೆಗೆ ತಕ್ಕೊಂಡರು. ಆಮೇಲೆ ಟೆಡ್, ಕೆರ್ಮಿಟ್, ಎತೆಲ್, ಆರ್ಚೀ, ಕ್ವೆಂಟಿನ್ ಎಂಬ ಐವರು ಮಕ್ಕಳು ಹುಟ್ಟಿದರು. ನ್ಯೂಯಾರ್ಕಿಗೆ ಸಮೀಪವಾದ ಆಯಿಸ್ಟರ್ ಬೇ ಎಂಬ ಊರಿನ ಬಳಿಯಲ್ಲಿ, ಸಮುದ್ರದ ಕೊಲ್ಲಿಯನ್ನು ನೋಡುವ ಗುಡ್ಡದ ಮೇಲೆ, ಸಾಗಮೋರ್ ಹಿಲ್ ಎಂಬ ಅವರ ಮನೆಯಿತ್ತು. ಸುತ್ತಲೂ ಹೊಲವೂ ಕಾಡೂ ಇದ್ದವು.

ರೂಸ್‌ವೆಲ್ಟರು ಎಷ್ಟು ದೊಡ್ಡ ಉದ್ಯೋಗದಲ್ಲಿದ್ದರೂ ಮಕ್ಕಳ ಸಂಗಡ ಹೊರಗೆ ಹೋಗುವದನ್ನು ಬಿಡುತ್ತಿರಲಿಲ್ಲ. ತಮ್ಮ ಮಕ್ಕಳನ್ನೂ ನೆಂಟರ ಮಕ್ಕಳನ್ನೂ ಕೂಡಿಸಿಕೊಂಡು ನೇರವಾಗಿ ಒಂದು ಗುರಿಯ ಕಡೆಗೆ ನಡೆಯುವರು. ದಾರಿಯಲ್ಲಿ ಬೇಲಿ ಬಂದರೆ ಹತ್ತಬೇಕು, ಪೊದೆ ಬಂದರೆ ನುಸುಳಬೇಕು, ನೀರು ಬಂದರೆ ದಾಟಬೇಕು. ಸುತ್ತಿಕೊಂಡು ಹೋಗುವದು ಮಾತ್ರ ಕೂಡದು. ಇದೇ ಆ ಆಟದ ನಿಯಮ. ಬೇಸಿಗೆಯಲ್ಲಿ ಹುಡುಗರನ್ನು ದೋಣಿಯಲ್ಲಿ ಕರಕೊಂಡು ಹೋಗಿ ದಡದಲ್ಲಿ ಒಂದು ರಾತ್ರಿ ಇಳುಕೊಳ್ಳುವರು. ತಾವೇ ಬೆಂಕಿ ಹೊತ್ತಿಸಿ ಮಾಂಸವನ್ನೂ ಆಲೂಗಡ್ಡೆಯನ್ನೂ ಹುರಿದು ಬಡಿಸಿ, ಮಕ್ಕಳು ಕಂಬಳಿಯೊಳಗೆ ಸೇರಿದ ಮೇಲೆ ಕಥೆ ಹೇಳುವರು. ಕೊಡಲಿಯ ಕೆಲಸವೆಂದರೆ ಅವರಿಗೆ ಬಲು ಪ್ರೀತಿ. ತಮ್ಮ ಕಾಡಿನಲ್ಲಿ ಮರಗಳನ್ನು ಅವರು ತಮ್ಮ ಕೈಯಿಂದಲೇ ಕಡಿಯುತ್ತಿದ್ದರು. ಆದಕಾರಣ ಅವರು ಮರಕ್ಕೆ ಕೊಡಲಿ ತಗಲಲೇಬಾರದೆಂದು ಹೇಳುವವರಾಗಿರಲಿಲ್ಲವೆಂದು ವಾಚಕರು ಜ್ಞಾಪಕದಲ್ಲಿಡಬೇಕು.

1901ನೇ ಸೆಪ್ಟೆಂಬರದಲ್ಲಿ ಅಧ್ಯಕ್ಷರಾದ ಮೆಕಿನ್ಲಿಯವರು ಒಬ್ಬ ಘಾತಕನ ಗುಂಡಿನಿಂದ ಸಾಯಲು, ಉಪಾಧ್ಯಕ್ಷರಾಗಿದ್ದ ರೂಸ್‌ವೆಲ್ಟರು 42ನೆಯ ವಯಸ್ಸಿನಲ್ಲಿ ಆ ಸ್ಥಾನಕ್ಕೆ ಬಂದರು. ಅವರಿಗಿಂತ ಚಿಕ್ಕ ವಯಸ್ಸಿನಲ್ಲಿ ಆ ದೇಶದ ಅಧ್ಯಕ್ಷರಾದವರು ಯಾರೂ ಇಲ್ಲ. ವಾಷಿಂಗ್‌ಟನ್ ಪಟ್ಟಣದ ಶ್ವೇತಭವನವು ಮಕ್ಕಳ ಕೂಗಿನಿಂದಲೂ ನಾಯಿ, ಬೆಕ್ಕು, ಕುದುರೆಮರಿಗಳಿಂದಲೂ ತುಂಬಿಹೋಯಿತು.

ಆ ಕಾಲದಲ್ಲಿ ಅಮೇರಿಕಾದ ಕಾಡುಗಳ ಸ್ಥಿತಿಯು ಭಯಂಕರವಾಗಿತ್ತು. ಮಿಶಿಗನ್, ವಿಸ್ಕಾನ್ಸಿನ್ ಎಂಬ ಸಂಸ್ಥಾನಗಳಲ್ಲಿ ಆಕಾಶಕ್ಕೆ ಮುಟ್ಟುವಂತಿದ್ದ ಬಿಳಿ ಪೈನ್ ಮರಗಳನ್ನು ವ್ಯಾಪಾರಿಗಳು ಒಂದು ತಲೆಮಾರಿನೊಳಗೆ ಕಡಿದು ಮುಗಿಸಿದ್ದರು. ಕಡಿದು ಬಿಟ್ಟ ಕೊಂಬೆರೆಂಬೆಗಳು ಒಣಗಿ ಬೆಂಕಿಗೆ ಆಹಾರವಾದವು. 1871ರಲ್ಲಿ ವಿಸ್ಕಾನ್ಸಿನ್ ಸಂಸ್ಥಾನದ ಪೆಷ್ಟಿಗೋ ಎಂಬ ಊರಿನ ಸುತ್ತು ಎದ್ದ ಕಾಡುಬೆಂಕಿಯಲ್ಲಿ ಸಾವಿರಕ್ಕಿಂತ ಹೆಚ್ಚು ಜನರು ಸತ್ತಿದ್ದರು. ಇದಲ್ಲದೆ ಕ್ರಿಸ್ಮಸ್ ಮರದ ವ್ಯಾಪಾರವೂ ಬೆಳೆದಿತ್ತು. 1851ರಲ್ಲಿ ಕ್ಯಾಟ್ಸ್‌ಕಿಲ್ ಬೆಟ್ಟಗಳ ಒಬ್ಬ ಬಡ ಮರಕಡಿಯುವವನು ಎರಡು ಜಾರುಗಾಡಿಗಳಲ್ಲಿ ಮರಗಳನ್ನು ನ್ಯೂಯಾರ್ಕಿನ ಪೇಟೆಗೆ ತಂದು ಮಾರಿದ್ದು ಇದಕ್ಕೆ ಪ್ರಾರಂಭವೆಂದು ಹೇಳುತ್ತಾರೆ. ಐವತ್ತು ವರುಷಗಳಾದ ಮೇಲೆ ಪ್ರತಿ ಡಿಸೆಂಬರದಲ್ಲಿ ಎಳೆಯ ಮರಗಳು ರೈಲುಗಾಡಿಗಳಲ್ಲಿ ರಾಶಿರಾಶಿಯಾಗಿ ಪಟ್ಟಣಗಳಿಗೆ ಬರುತ್ತಿದ್ದವು. ಹೀಗಾದರೆ ಮುಂದಿನವರಿಗೆ ಕಾಡೇ ಉಳಿಯದೆಂದು ಕೆಲವರು ಪತ್ರಿಕೆಗಳಲ್ಲಿ ಬರೆಯತೊಡಗಿದರು.

ರೂಸ್‌ವೆಲ್ಟರ ಮನೆಯಲ್ಲಿ ಹಬ್ಬಕ್ಕೆ ಮರವನ್ನು ನಿಲ್ಲಿಸುವ ವಾಡಿಕೆ ಇರಲಿಲ್ಲ. ಮಕ್ಕಳು ತಂದೆತಾಯಿಗಳ ಕೋಣೆಯ ಬೆಂಕಿಗೂಡಿಗೆ ತಮ್ಮ ಕಾಲುಚೀಲಗಳನ್ನು ತೂಗಹಾಕುವರು. ಬೆಳಿಗ್ಗೆ ಅವುಗಳಲ್ಲಿ ಕಾಣಿಕೆಗಳಿರುವವು. ಇಷ್ಟೇ. ಆದರೆ ಎಂಟು ವರುಷದ ಆರ್ಚೀಯ ಮನಸ್ಸಿನಲ್ಲಿ ಬೇರೊಂದು ಆಲೋಚನೆಯಿತ್ತು.

1902ನೇ ಡಿಸೆಂಬರ್ 25ರ ಮುಂಜಾನೆ, ಏಳು ಗಂಟೆಗೆ ಇನ್ನೂ ಕಾಲು ಗಂಟೆಯಿರುವಾಗಲೇ, ಮಕ್ಕಳೆಲ್ಲರೂ ಎದ್ದು ಬಟ್ಟೆ ಹಾಕಿಕೊಂಡು ತಂದೆತಾಯಿಗಳ ಬಾಗಲನ್ನು ಬಡಿಯತೊಡಗಿದರು. ಒಳಗೆ ಆರು ಕಾಲುಚೀಲಗಳು ಅಲ್ಲಲ್ಲಿ ಉಬ್ಬಿಕೊಂಡು ತೂಗುತ್ತಿದ್ದವು. ತಂದೆತಾಯಿಗಳು ಎದ್ದು, ಕಿಟಕಿಯನ್ನು ಮುಚ್ಚಿ, ಬೆಂಕಿ ಹೊತ್ತಿಸಿ, ಮಕ್ಕಳನ್ನು ಒಳಗೆ ಕರೆದರು. ಆಗ ಯಾರೂ ನಿರೀಕ್ಷಿಸದ ಒಂದು ಸಂಗತಿ ತಿಳಿದುಬಂತು. ಆರ್ಚೀಯು ಒಂದು ಚಿಕ್ಕ ಮರವನ್ನು ಗುಟ್ಟಾಗಿ ಮನೆಯೊಳಗೆ ತರಿಸಿ, ಕೆಲಸಕ್ಕಿದ್ದ ಬಡಗಿಗಳಲ್ಲಿ ಒಬ್ಬನ ಸಹಾಯದಿಂದ ಬಟ್ಟೆಗಳನ್ನಿಡುವ ಒಂದು ಚಿಕ್ಕ ಕೋಣೆಯೊಳಗೆ ಅದನ್ನು ನಿಲ್ಲಿಸಿ ಅಲಂಕರಿಸಿದ್ದನು. ಎಲ್ಲರೂ ಹೋಗಿ ಅದನ್ನು ನೋಡಬೇಕಾಯಿತು. ತಂದೆಗೂ ತಾಯಿಗೂ ಅಕ್ಕ ಅಣ್ಣಂದಿರಿಗೂ ತಮ್ಮನಿಗೂ ಅದರಲ್ಲಿ ಒಂದೊಂದು ಕಾಣಿಕೆಯಿತ್ತು. ಅವರಿಗೆ ಮಾತ್ರವಲ್ಲ, ಜ್ಯಾಕ್ ಎಂಬ ನಾಯಿಗೂ, ಟಾಮ್ ಕ್ವಾರ್ಟ್ಜ್ ಎಂಬ ಬೆಕ್ಕಿನ ಮರಿಗೂ, ಅಲ್ಗಾಂಕ್ವಿನ್ ಎಂಬ ಚಿಕ್ಕ ಕುದುರೆಗೂ ಅವನು ಕಾಣಿಕೆಗಳನ್ನು ಕಟ್ಟಿದ್ದನು. ಮನೆಯಲ್ಲಿ ಯಾರನ್ನೂ, ಮೂಕಪ್ರಾಣಿಗಳನ್ನು ಕೂಡಾ, ಅವನು ಮರೆತಿರಲಿಲ್ಲ.

ಈ ಸಂಗತಿಯು ಪತ್ರಿಕೆಗಳಿಗೆ ತಿಳಿದು ಬಾಯಿಂದ ಬಾಯಿಗೆ ಹರಡುತ್ತಾ ಬೆಳೆಯಿತು. ಅಧ್ಯಕ್ಷರು ಕಾಡನ್ನು ಕಾಪಾಡುವದಕ್ಕಾಗಿ ಮನೆಯಲ್ಲಿ ಮರವನ್ನು ಕಟ್ಟುನಿಟ್ಟಾಗಿ ನಿಷೇಧಿಸಿದ್ದರೆಂದೂ, ಮಗನ ಅವಿಧೇಯತೆಯನ್ನು ಕಂಡು ಕೋಪಗೊಂಡರೆಂದೂ, ಅವನನ್ನು ಅರಣ್ಯಶಾಸ್ತ್ರಜ್ಞರಾದ ಗಿಫರ್ಡ್ ಪಿಂಶೊ ಎಂಬವರ ಬಳಿಗೆ ಒಯ್ದು ಬುದ್ಧಿ ಹೇಳಿಸಲು ನೋಡಿದರೆಂದೂ, ಅವರಾದರೋ ಹುಡುಗನ ಪಕ್ಷವನ್ನೇ ಹಿಡಿದರೆಂದೂ ಈಗಲೂ ಹೇಳುವದುಂಟು. ಈ ಕಥೆಯನ್ನು ನಾವು ನಂಬುವದಿಲ್ಲ. ಯಾಕಂದರೆ ಹಬ್ಬದ ಮರುದಿನವೇ ರೂಸ್‌ವೆಲ್ಟರು ಒಬ್ಬ ಸ್ನೇಹಿತರಿಗೆ ಬರೆದ ಪತ್ರವು ಉಳಿದಿದೆ. ಅದರಲ್ಲಿ ಕೋಪದ ಒಂದು ಮಾತೂ ಇಲ್ಲ; ಮಗನ ಒಳ್ಳೇ ಮನಸ್ಸನ್ನು ಕಂಡ ತಂದೆಯ ಸಂತೋಷವೇ ತುಂಬಿದೆ. ದೊಡ್ಡವರ ವಿಷಯವಾಗಿ ಕಥೆಯು ಚೆನ್ನಾಗಿ ಕೇಳಿಸುವದೆಂಬ ಕಾರಣದಿಂದ ಅದನ್ನು ಸತ್ಯವೆಂದು ಹಿಡಿಯಬಾರದು.

ಆದರೂ ಪಿಂಶೊ ಅವರ ಉಪದೇಶವು ಏನೆಂದು ತಿಳಿಯುವದು ನಮಗೆ ಪ್ರಯೋಜನಕರ. ಅವರು ಫ್ರಾನ್ಸಿಗೆ ಹೋಗಿ ಅರಣ್ಯಶಾಸ್ತ್ರವನ್ನು ಕಲಿತವರು. ನಮ್ಮ ಹಿಂದೂದೇಶದ ಅರಣ್ಯ ಇಲಾಖೆಯನ್ನು 1864ರಲ್ಲಿ ಸ್ಥಾಪಿಸಿದ ಜರ್ಮನ್ ವಿದ್ವಾಂಸರಾದ ಡೀಟ್ರಿಕ್ ಬ್ರಾಂಡಿಸ್ ಎಂಬವರೇ ಅವರಿಗೆ ದಾರಿ ತೋರಿಸಿದ ಗುರುಗಳು. ಕಾಡೆಂಬದು ಬೀಗ ಹಾಕಿದ ಪೆಟ್ಟಿಗೆಯಲ್ಲ, ಬೆಳೆಯುವ ಹೊಲ ಎಂಬದೇ ಅವರ ಬೋಧನೆಯ ಸಾರ. ಎಳೆಯ ಮರಗಳು ಒತ್ತೊತ್ತಾಗಿ ಬೆಳೆದಲ್ಲಿ ಬೆಳಕೂ ನೀರೂ ಸಾಲದೆ ಎಲ್ಲವೂ ಸೊರಗುವವು. ಅಂಥಲ್ಲಿ ಕೆಲವನ್ನು ಆರಿಸಿ ತೆಗೆದರೆ ಉಳಿದವು ಬಲಗೊಳ್ಳುವವು. ನಮ್ಮ ರೈತರು ರಾಗಿಯ ಸಾಲಿನಲ್ಲಿ ದಟ್ಟವಾದ ಪೈರನ್ನು ಕಿತ್ತು ತೆಳ್ಳಗೆ ಮಾಡುವದು ಇದೇ ರೀತಿ. ಆದರೆ ಒಂದು ಗುಡ್ಡವನ್ನು ಪೂರಾ ಬೋಳು ಮಾಡಿದರೆ ಮಳೆಯು ಮಣ್ಣನ್ನು ಕೊಚ್ಚಿಕೊಂಡು ಹೋಗುವದು, ತೊರೆಗಳು ಬತ್ತುವವು. ಹೀಗೆ ಕಡಿಯುವದರಲ್ಲಿ ಅಲ್ಲ, ಲೆಕ್ಕವಿಲ್ಲದೆ ಕಡಿಯುವದರಲ್ಲಿಯೇ ಪಾಪವಿದೆ.

ರೂಸ್‌ವೆಲ್ಟರು ಈ ಬೋಧನೆಯನ್ನು ರಾಜ್ಯದ ಕಾರ್ಯದಲ್ಲಿ ನಡಿಸಿದರು. 1903ರ ಮಾರ್ಚದಲ್ಲಿ ಫ್ಲೋರಿಡಾದ ಪೆಲಿಕನ್ ದ್ವೀಪವನ್ನು ಪಕ್ಷಿಗಳ ಆಶ್ರಯಸ್ಥಾನವಾಗಿ ಪ್ರತ್ಯೇಕಿಸಿದರು. ಅದೇ ವರುಷದ ಮೇ ತಿಂಗಳಲ್ಲಿ ಕಾಡುಗಳ ಪ್ರೇಮಿಯಾದ ಜಾನ್ ಮ್ಯೂರ್ ಎಂಬವರ ಸಂಗಡ ಯೊಸೆಮಿಟಿ ಪ್ರದೇಶದಲ್ಲಿ ಡೇರೆಯಿಲ್ಲದೆ ಮಹಾ ವೃಕ್ಷಗಳ ಕೆಳಗೆ ಮಲಗಿ, ಮೈಮೇಲೆ ಬಿದ್ದ ಹಿಮದೊಳಗಿಂದ ನಗುತ್ತಾ ಎದ್ದರು. 1905ರಲ್ಲಿ ಅರಣ್ಯ ಇಲಾಖೆಯನ್ನು ಹೊಸದಾಗಿ ಏರ್ಪಡಿಸಿ ಪಿಂಶೊ ಅವರನ್ನು ಅದಕ್ಕೆ ಮುಖ್ಯಸ್ಥರನ್ನಾಗಿ ಮಾಡಿದರು. 1907ರಲ್ಲಿ ಮರದ ವ್ಯಾಪಾರಿಗಳ ಪಕ್ಷದವರು ಶಾಸನಸಭೆಯಲ್ಲಿ, ವಾಯವ್ಯ ದಿಕ್ಕಿನ ಆರು ಸಂಸ್ಥಾನಗಳಲ್ಲಿ ಅಧ್ಯಕ್ಷರು ಇನ್ನು ಯಾವ ಕಾಡನ್ನೂ ಪ್ರತ್ಯೇಕಿಸಬಾರದೆಂದು ಒಂದು ಕಟ್ಟಳೆಯನ್ನು ಮಾಡಿಸಿದರು. ಅದಕ್ಕೆ ರುಜು ಹಾಕಲು ಕೆಲವೇ ದಿನಗಳಿದ್ದವು. ರೂಸ್‌ವೆಲ್ಟರೂ ಪಿಂಶೊ ಅವರೂ ನಕ್ಷೆಗಳನ್ನು ಹಾಸಿಕೊಂಡು ಕೆಲಸಮಾಡಿ, ಆ ಅವಧಿಯೊಳಗೆ 1 ಕೋಟಿ 60 ಲಕ್ಷ ಎಕರೆ ಕಾಡನ್ನು ಪ್ರತ್ಯೇಕಿಸಿದರು; ಆಮೇಲೆಯೇ ಕಟ್ಟಳೆಗೆ ರುಜು ಹಾಕಿದರು. ಅದೇ ವರುಷದ ಏಪ್ರಿಲ್ ತಿಂಗಳಲ್ಲಿ ದೇಶದ ಶಾಲಾಮಕ್ಕಳೆಲ್ಲರಿಗೆ ಒಂದು ಪತ್ರವನ್ನು ಬರೆದು, ಮರಗಳಿಲ್ಲದ ದೇಶವು ನಿರೀಕ್ಷೆಯಿಲ್ಲದ್ದೆಂದು ಬೋಧಿಸಿದರು. 1909ರ ಮಾರ್ಚದಲ್ಲಿ ಅವರು ಅಧಿಕಾರವನ್ನು ಬಿಡುವಷ್ಟರಲ್ಲಿ ಸುಮಾರು 23 ಕೋಟಿ ಎಕರೆ ಭೂಮಿಯು ಕಾಪಾಡಲ್ಪಟ್ಟಿತ್ತು.

ಇವರಲ್ಲಿ ಕುಂದುಗಳಿರಲಿಲ್ಲವೆಂದು ನಾವು ಹೇಳುವದಿಲ್ಲ. ಮೃಗಗಳನ್ನು ಪ್ರೀತಿಸಿದರೂ ಬೇಟೆಯಲ್ಲಿ ಅಮಿತವಾಗಿ ಕೊಂದರು. ಅವರು ಕಾಪಾಡಿದ ಕಾಡುಗಳಲ್ಲಿ ಅನೇಕವು ಅಲ್ಲಿಯ ಮೂಲನಿವಾಸಿಗಳಿಂದ ಕಸಕೊಂಡವುಗಳು. ಆ ಜನರ ಹಕ್ಕನ್ನು ಅವರು ಸರಿಯಾಗಿ ಎಣಿಸಲಿಲ್ಲ. 1906ರಲ್ಲಿ ಬ್ರೌನ್ಸ್‌ವಿಲ್ ಎಂಬಲ್ಲಿ ನಡೆದ ಒಂದು ಗಲಭೆಯ ಕಾರಣ 167 ಮಂದಿ ಕರಿಯ ಸಿಪಾಯಿಗಳನ್ನು ವಿಚಾರಣೆಯಿಲ್ಲದೆ ಸೈನ್ಯದಿಂದ ತೆಗೆದುಹಾಕಿದರು. ಅವರು ನಿರಪರಾಧಿಗಳೆಂದು ಸರಕಾರವು 1972ರಲ್ಲಿ ಒಪ್ಪಿಕೊಂಡಾಗ ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸತ್ತುಹೋಗಿದ್ದರು. ದೊಡ್ಡವರ ಚರಿತ್ರೆಯಲ್ಲಿ ಇಂಥವುಗಳನ್ನು ಮುಚ್ಚಿದರೆ ಓದುವವನಿಗೆ ಉಪಕಾರವಾಗದು.

ಅವರ ಕೊನೆಯ ದಿನಗಳಲ್ಲಿ ದುಃಖವು ಮತ್ತೆ ಬಂತು. ಮೊದಲನೆಯ ಮಹಾಯುದ್ಧದಲ್ಲಿ ನಾಲ್ವರು ಗಂಡುಮಕ್ಕಳೂ ಸೇರಿದರು. 1918ರ ಮಾರ್ಚದಲ್ಲಿ ಆರ್ಚೀಗೆ ಕಾಲಿಗೂ ತೋಳಿಗೂ ಘೋರವಾದ ಗಾಯಗಳಾದವು. ಜುಲೈ 14ರಂದು ಎಲ್ಲರಿಗಿಂತ ಚಿಕ್ಕವನಾದ ಕ್ವೆಂಟಿನನು ಫ್ರಾನ್ಸಿನ ಆಕಾಶದಲ್ಲಿ ವಿಮಾನಯುದ್ಧ ಮಾಡುತ್ತಾ 20ನೆಯ ವಯಸ್ಸಿನಲ್ಲಿ ಸತ್ತನು. 16 ವರುಷಗಳ ಹಿಂದೆ ಅಣ್ಣನ ಚಿಕ್ಕ ಮರದ ಮುಂದೆ ಕೈ ಚಾಚಿ ನಿಂತಿದ್ದ ಐದು ವರುಷದ ಮಗುವು ಇವನೇ. ಯುದ್ಧವನ್ನು ಬಹಳವಾಗಿ ಹೊಗಳಿದ್ದ ತಂದೆಯು ಆ ಪೆಟ್ಟಿನಿಂದ ಪುನಃ ಚೇತರಿಸಿಕೊಳ್ಳಲಿಲ್ಲ.

ಆ ವರುಷದ ಚಳಿಗಾಲದಲ್ಲಿ ಅವರು ಕೆಲವು ವಾರ ಆಸ್ಪತ್ರೆಯಲ್ಲಿ ಮಲಗಿದ್ದು, ಸರಿಯಾಗಿ ಕ್ರಿಸ್ಮಸ್ ದಿನದಲ್ಲಿಯೇ ಸಾಗಮೋರ್ ಹಿಲ್ಲಿಗೆ ತರಲ್ಪಟ್ಟರು. ಅದೇ ಅವರ ಕೊನೆಯ ಹಬ್ಬ. 1919ನೇ ಜನವರಿ 6ರ ಬೆಳಗಿನ ಜಾವದಲ್ಲಿ, ನಿದ್ರೆಯಲ್ಲಿಯೇ, 60ನೆಯ ವಯಸ್ಸಿನಲ್ಲಿ ಅವರು ಪ್ರಾಣಬಿಟ್ಟರು. ಉಳಿದ ಇಬ್ಬರು ಗಂಡುಮಕ್ಕಳು ಆಗ ಸಮುದ್ರದ ಆಚೆಯಲ್ಲಿದ್ದರು. ಗಾಯಗೊಂಡು ಮನೆಗೆ ಹಿಂತಿರುಗಿದ್ದ ಆರ್ಚೀಯೇ ಅಣ್ಣಂದಿರಿಗೆ ತಂತಿಯ ಮೂಲಕ ಆ ಸುದ್ದಿಯನ್ನು ಕಳುಹಿಸಿದನು. ಒಂದು ಕಾಲದಲ್ಲಿ ಮನೆಯವರೆಲ್ಲರಿಗೂ ಮುಂಜಾನೆಯ ಸಂತೋಷವನ್ನು ಗುಟ್ಟಾಗಿ ಸಿದ್ಧಮಾಡಿದ ಕೈಗೆ ಈ ಸುದ್ದಿಯನ್ನು ಬರೆಯುವ ಭಾರವು ಬಂತು. ಆಯಿಸ್ಟರ್ ಬೇ ಊರಿನ ದೇವಾಲಯದಲ್ಲಿ ಆಡಂಬರವಿಲ್ಲದ ಆರಾಧನೆಯು ನಡೆದು, ಸಮೀಪದ ಗುಡ್ಡದಲ್ಲಿರುವ ಸ್ಮಶಾನದಲ್ಲಿ, ಮರಗಳ ನಡುವೆ, ಅವರನ್ನು ಹೂಣಿಟ್ಟರು.

ಪ್ರಿಯರೇ, ನಮ್ಮಲ್ಲಿ ಯಾರೂ ಕೋಟಿಗಟ್ಟಲೆ ಎಕರೆ ಕಾಡಿಗೆ ಅಧಿಕಾರಿಗಳಲ್ಲ. ನಮಗಿರುವದು ಮನೆಯ ಹಿತ್ತಿಲು, ಹೊಲದ ಬದು, ದೇವಾಲಯದ ಅಂಗಳ, ಇಷ್ಟೇ. ಆದರೂ ಹಬ್ಬಕ್ಕಾಗಿ ಮಕ್ಕಳನ್ನು ಕರಕೊಂಡು ಕೊಂಬೆ ತರಲು ಹೋಗುವಾಗ, ಮರದ ತಲೆಯನ್ನು ಕಡಿಯದೆ ಪಕ್ಕದ ಕೊಂಬೆಯನ್ನು ಆರಿಸಿಕೊಳ್ಳುವದು ಹೇಗೆಂದು ನಾವು ಅವರಿಗೆ ತೋರಿಸಬಹುದು. ಮಳೆಗಾಲ ಬಂದಾಗ ಅದೇ ಮಕ್ಕಳ ಕೈಯಿಂದ ಒಂದು ಸಸಿಯನ್ನು ನೆಡಿಸಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿಸಬಹುದು. ಇದಕ್ಕೆ ಹಣ ಬೇಡ; ಸಂಗಡ ನಡೆಯುವ ತಂದೆತಾಯಿಗಳು ಬೇಕು. ಮತ್ತು ಹಬ್ಬದ ದಿನದಲ್ಲಿ ಮನೆಯವರನ್ನೂ, ನೆರೆಯ ಬಡವನನ್ನೂ, ಕೊಟ್ಟಿಗೆಯ ದನವನ್ನೂ ಮರೆಯದಿರುವದನ್ನು ನಾವು ಎಂಟು ವರುಷದ ಆರ್ಚೀಯಿಂದ ಕಲಿಯಬಹುದು. ನಮ್ಮ ಕರ್ತನು ಹುಟ್ಟಿದಾಗ ಆತನಿಗೆ ಸ್ಥಳ ದೊರೆತದ್ದು ಪ್ರಾಣಿಗಳ ಗೋದಲಿಯಲ್ಲಿಯೇ ಅಲ್ಲವೇ?